ಪಟ್ಟಿಗೆ ಸಿಗದ ಸಂಖ್ಯೆ

ಬದಿಯಡ್ಕ

ಪ್ರೀತಿಯ ಪುಟ್ಟೀ,

“ಕೊನೆಯೇ ಇಲ್ಲದ್ದರಲ್ಲಿ ದೊಡ್ಡದು, ಸಣ್ಣದು ಅಂತ ಹೇಳುವುದು ಹೇಗಮ್ಮಾ?” ಎಂದು ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಪೆನ್ನು ಹಿಡಿದುಕೊಂಡೇ ಓದು.

ಜೆಂಬ್ರದ ಊಟದಲ್ಲಿ ಎಲೆಗೊಬ್ಬರಂತೆ ಕೂತು, ಎಲೆಯೂ ಉಳಿಯದೆ ಜನವೂ ಉಳಿಯದಿದ್ದರೆ ಎರಡೂ ಸಮ. ಎಣಿಸಬೇಕಾಗಿಯೇ ಇಲ್ಲ. ಗಣಿತಜ್ಞ ಗೆಯೋರ್ಗ್ ಕ್ಯಾಂಟರ್ ಅನಂತಕ್ಕೂ ಇದೇ ಲೆಕ್ಕ ಹಿಡಿದರು. 1ಕ್ಕೆ 2, 2ಕ್ಕೆ 4, 3ಕ್ಕೆ 6 ಅಂತ ಜೋಡಿಸುತ್ತಾ ಹೋಗು. ಎಣಿಕೆಯ ಸಂಖ್ಯೆಗಳೂ ಸಮಸಂಖ್ಯೆಗಳೂ ಸರಿಸಮ! ಭಿನ್ನರಾಶಿಗಳನ್ನೂ ಹೀಗೆ ಸಾಲಾಗಿ ಕೂರಿಸಬಹುದು. ಹಾಗಾದರೆ ಎಲ್ಲ ಅನಂತವೂ ಒಂದೇ ಅನ್ನಿಸುತ್ತದೆ, ಅಲ್ವಾ?

ಈಗ 0 ಮತ್ತು 1ರ ನಡುವಿನ ದಶಮಾಂಶಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ ಅಂತ ಯಾರೋ ಹೇಳಲಿ. ಮೊದಲನೆಯದು 0.514…, ಎರಡನೆಯದು 0.317…, ಮೂರನೆಯದು 0.889… ಮೊದಲನೆಯದರ ಮೊದಲ ಅಂಕಿ 5, ಎರಡನೆಯದರ ಎರಡನೇ ಅಂಕಿ 1, ಮೂರನೆಯದರ ಮೂರನೇ ಅಂಕಿ 9. ಹೀಗೆ ಓರೆಯಾಗಿ ಇಳಿ. ಅಂಕಿ 1 ಆಗಿದ್ದರೆ 2 ಬರೆ, ಬೇರೆ ಏನಿದ್ದರೂ 1 ಬರೆ. ಸಿಗುವುದು 0.121… ಇದು ಪಟ್ಟಿಯ ಮೊದಲನೆಯದಲ್ಲ, ಮೊದಲ ಅಂಕಿಯೇ ಬೇರೆ. ನೂರನೆಯದೂ ಅಲ್ಲ, ನೂರನೇ ಅಂಕಿ ಬೇರೆ. ಪಟ್ಟಿಯಲ್ಲಿ ಎಲ್ಲೂ ಇಲ್ಲ. (0.4999… ಮತ್ತು 0.5 ಒಂದೇ ಸಂಖ್ಯೆ ಎಂಬ ತಕರಾರು ಉಂಟು. ಬರೀ 1, 2 ಬಳಸಿದರೆ ಅದು ಬರುವುದಿಲ್ಲ.)

“ಅದನ್ನೂ ಸೇರಿಸಿದರಾಯ್ತು” ಅನ್ನುತ್ತೀ. ಸೇರಿಸು. ಹೊಸ ಪಟ್ಟಿಯಲ್ಲೂ ಓರೆಯಾಗಿ ಇಳಿದರೆ ಇನ್ನೊಂದು ಹೊರಗೆ ಉಳಿದಿರುತ್ತದೆ. ಈ ಅನಂತ ನಿಜಕ್ಕೂ ದೊಡ್ಡದು.

ಕ್ಯಾಂಟರ್ ಅವರ 1891ರ ಈ ವಾದಕ್ಕಿಂತ ಚಂದದ್ದನ್ನು ಗಣಿತದಲ್ಲಿ ನಾನು ಕಂಡಿಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗೂ ಬೋರ್ಡಿನ ಮೇಲೆ ತೋರಿಸುತ್ತೇನೆ.

ಎಣಿಕೆಯ ಸಂಖ್ಯೆಗಳ ಅನಂತ, ದಶಮಾಂಶಗಳ ಅನಂತ, ಈ ಎರಡರ ನಡುವಿನ ಗಾತ್ರದ ಅನಂತ ಇದೆಯೇ? ಇಲ್ಲವೆಂದು ಕ್ಯಾಂಟರ್ ನಂಬಿದ್ದರು, ಸಾಧಿಸಲು ಆಗಲಿಲ್ಲ. ನಾವು ಬುನಾದಿಯಾಗಿ ಒಪ್ಪಿಕೊಂಡ ಗಣಸಿದ್ಧಾಂತದ (ಗುಂಪುಗಳ ಗಣಿತದ) ನಿಯಮಗಳಲ್ಲಿ ವಿರೋಧವಿಲ್ಲದಿದ್ದರೆ, ಅವುಗಳಿಂದ ಆ ನಂಬಿಕೆಯನ್ನು ಸುಳ್ಳೆಂದು ಸಾಧಿಸಲಾಗದು ಎಂದು ತರ್ಕಶಾಸ್ತ್ರಜ್ಞ ಗೋಡೆಲ್ ತೋರಿಸಿದರು. ನಿಜವೆಂದೂ ಸಾಧಿಸಲಾಗದು ಎಂದು 1963ರಲ್ಲಿ ಗಣಿತಜ್ಞ ಪಾಲ್ ಕೋಹೆನ್ ತೋರಿಸಿದರು. ಅದನ್ನು ನಿಧಾನಕ್ಕೆ ಓದುವಿಯಂತೆ.

ಸದ್ಯಕ್ಕೆ ಒಂದು ಕೆಲಸ. ಗೆರೆಯ ಮೇಲಿನ ಬಿಂದುಗಳು ಜಾಸ್ತಿಯೋ, ಚೌಕದೊಳಗಿನವು ಜಾಸ್ತಿಯೋ? ಉತ್ತರ ಸಿಕ್ಕಿದಾಗ, 1877ರಲ್ಲಿ, “ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ” ಎಂದು ಕ್ಯಾಂಟರ್ ಗೆಳೆಯ ಡೆಡೆಕಿಂಡ್‌ಗೆ ಬರೆದಿದ್ದರು. ಮೊಬೈಲ್ ನೋಡಬೇಡ. ದಶಮಾಂಶದ ಅಂಕಿಗಳನ್ನೇ ಹಿಡಿ. ಓಣಂ ರಜೆಗೆ ಬರುವಾಗ ಮಾಡಿದ್ದನ್ನು ತಾ, ಒಟ್ಟಿಗೆ ಕೂತು ನೋಡುವ.

ನಿನ್ನ ಅಮ್ಮ