ನದಿದಂಡೆಯ ಉದ್ಯಾನಕ್ಕೆ ಕಾಂಕ್ರೀಟ್ ಹಾಸಬೇಡಿ

ಮಾನ್ಯರೇ,

ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಕಪಿಲಾ (ಕಬಿನಿ) ದಂಡೆ ಮುಳುಗುತ್ತದೆ; 2018, 2019ರಲ್ಲಿ ಹಾಗೇ ಆಯಿತು. ಅಂಥ ಕಡೆ ನಗರಸಭೆ ಮಾಡುವ ಉದ್ಯಾನಕ್ಕೆಲ್ಲ ಕಾಂಕ್ರೀಟ್ ಹಾಸಿದರೆ ಹಣ ನೀರುಪಾಲು.

ಹೊಳೆಯ ಪ್ರವಾಹವನ್ನು ಉದ್ಯಾನ ತಡೆಯಲಾರದು. ಬೀದಿಯಿಂದ ಇಳಿಯುವ ಮಳೆನೀರನ್ನು ಮಾತ್ರ ಖಂಡಿತ ಇಂಗಿಸಬಲ್ಲದು. 1,000 ಚದರ ಮೀಟರ್ ರಸ್ತೆಗೆ 25 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್ ನೀರು. ಇದಕ್ಕೆ ಸುಮಾರು 60 ಚದರ ಮೀಟರ್ ಇಂಗುತೋಟ (ಮಳೆನೀರು ನಿಂತು ಇಂಗುವ ತಗ್ಗಿನ ಗಿಡಪಾತಿ) ಬೇಕು. 90 ಸೆಂ.ಮೀ. ಅಗೆದು, ತಳಕ್ಕೆ 15 ಸೆಂ.ಮೀ. ದಪ್ಪ ಜಲ್ಲಿ, ಅದರ ಮೇಲೆ 10 ಸೆಂ.ಮೀ. ಸಣ್ಣ ಜಲ್ಲಿ, ಬಳಿಕ 50 ಸೆಂ.ಮೀ. ಮಿಶ್ರಣ: ಮೂರು ಪಾಲು ಮರಳು, ಒಂದು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್. ಉಳಿದ 15 ಸೆಂ.ಮೀ. ನೀರು ನಿಲ್ಲಲು. ಲಾವಂಚ, ಅಂಚಿಗೆ ಹೊಳೆಮತ್ತಿ ನೆಡಬಹುದು.

ಎರೆಮಣ್ಣು ಬೆರೆಸಿದರೆ ನೀರು ಇಂಗದೆ ಸೊಳ್ಳೆಗೆ ತಾಣವಾಗುತ್ತದೆ. ಎರಡು ದಿನದೊಳಗೆ ಒಣಗಲೇಬೇಕು. ಹೊಳೆಗೆ ತೀರಾ ಹತ್ತಿರ ತೋಡಿದರೆ ಮಳೆಗಾಲದಲ್ಲಿ ಅಂತರ್ಜಲವೇ ಗುಂಡಿ ತುಂಬುತ್ತದೆ. ಆದ್ದರಿಂದ ಮೇಲ್ದಂಡೆಯೇ ಸರಿ. ಚರಂಡಿಯಿಂದ ಹೊಳೆಗೆ ಸೇರುವ ಕೊಳವೆಯ ಬಾಯಿಗೆ ಹಿಮ್ಮುಖ ಹರಿವು ತಡೆಯುವ ಕವಾಟ ಬೇಡವೇ? ಅದಿಲ್ಲದೆ ಎಷ್ಟೋ ಕಡೆ ಚರಂಡಿಯೇ ಉದ್ಯಾನಕ್ಕೆ ಹೊಳೆ ತರುತ್ತದೆ.

ಪ್ರತಿ ನೆರೆಯ ನಂತರ ಹೂಳು ತೆಗೆಯುವ ಕೆಲಸವನ್ನು, ಮೂರು ವರ್ಷದ ಮಟ್ಟಿಗಾದರೂ, ನಗರಸಭೆ ಟೆಂಡರಿನಲ್ಲೇ ಸೇರಿಸಲಿ.

– ನೊಂದ ನಾಗರಿಕರು, ನಂಜನಗೂಡು