ಶಕುಂತಲೆಯ ಕಿರುಗೊಂಬೆಗೆ ಯಾವ ಉಡುಗೆ?

ಮಾನ್ಯ ಸಂಪಾದಕರೇ,

ನವರಾತ್ರಿ ಸಮೀಪಿಸುತ್ತಿದ್ದಂತೆ ಬೆಂಗಳೂರಿನಲ್ಲಿ ಕಿರುಗೊಂಬೆ ತಯಾರಿಕೆಯ ಶಿಬಿರಗಳು ನಡೆಯುತ್ತಿದ್ದು, ಅಲ್ಲಿ ಶಕುಂತಲೆಯನ್ನು ಮಾಡುವವರೂ ಇದ್ದಾರೆ. ಸಂತೋಷದ ಸಂಗತಿಯೇ. ಆದರೆ ನಾನು ಕಂಡ ಶಕುಂತಲೆಯರಲ್ಲಿ ಹೆಚ್ಚಿನವರು ಕೆಂಪು ಜರಿಸೀರೆಯುಟ್ಟು, ಕಾಸಿನ ಸರ ತೊಟ್ಟು, ಪಕ್ಕದ ಜಿಂಕೆಮರಿಯಿಂದಷ್ಟೇ ಗುರುತು ಸಿಗುವಂತಿದ್ದರು. ಜೇಡಿ, ತಂತಿ, ಅಂಟು, ಬಣ್ಣಗಳ ಪಾಠ ಚೆನ್ನಾಗಿಯೇ ಆಗುತ್ತದೆ. ಕಾಳಿದಾಸನ 'ಅಭಿಜ್ಞಾನ ಶಾಕುಂತಲ' ನಾಟಕವನ್ನು ಮಾತ್ರ ಯಾರೂ ತೆರೆಯುವುದಿಲ್ಲ.

ನಾನೂ ಇದಕ್ಕೆ ಹೊರತಾಗಿರಲಿಲ್ಲ. ಅಡಿಗೊಂದು ಅಂಗುಲದ ಲೆಕ್ಕದಲ್ಲಿ, ಅಂದರೆ 1:12 ಪ್ರಮಾಣದಲ್ಲಿ, ಕಳೆದ ವರ್ಷ ಶಕುಂತಲೆಯನ್ನು ಪತಿಗೃಹಕ್ಕೆ ಕಳುಹಿಸುವ ದೃಶ್ಯವನ್ನು ಮಾಡಿದಾಗ, ಆಶ್ರಮದ ಹುಡುಗಿಯಲ್ಲವೇ ಎಂದು ಬಾಳೆನಾರಿನಿಂದ ವಲ್ಕಲ, ಅಂದರೆ ನಾರುಡುಗೆ, ಹೆಣೆದು ಉಡಿಸಿದ್ದೆ. ಗೊಂಬೆ ನೋಡಲು ಬಂದ ನಿವೃತ್ತ ಸಂಸ್ಕೃತ ಮೇಷ್ಟರೊಬ್ಬರು, ವಲ್ಕಲವು ಮೊದಲನೆಯ ಅಂಕದ ಉಡುಗೆಯೆಂದೂ, ನಾಲ್ಕನೆಯ ಅಂಕದಲ್ಲಿ ಮರವೊಂದು ಚಂದ್ರನಂತೆ ಬೆಳ್ಳಗಿರುವ ಮಂಗಳವಸ್ತ್ರವನ್ನೂ, ಇನ್ನೊಂದು ಮರ ಪಾದಕ್ಕೆ ಹಚ್ಚುವ ಅರಗಿನ ರಸವನ್ನೂ ನೀಡುತ್ತವೆಂದೂ ಮೆಲ್ಲಗೆ ನೆನಪಿಸಿದರು. ಹೆಣೆದದ್ದೆಲ್ಲ ಬಿಚ್ಚಬೇಕಾಯಿತು.

ಆಮೇಲೆ ಪುಸ್ತಕ ಹಿಡಿದು ಕೂತಾಗ, ಗೊಂಬೆ ಮಾಡುವವರಿಗೆ ಬೇಕಾದ ವಿವರಗಳನ್ನೆಲ್ಲ ಕವಿಯೇ ಕೊಟ್ಟಿದ್ದಾನೆಂದು ತಿಳಿಯಿತು. ಮೂರನೆಯ ಅಂಕದಲ್ಲಿ ಶಕುಂತಲೆ ಪ್ರೇಮಪತ್ರವನ್ನು ಉಗುರಿನಿಂದ ಬರೆಯುವ ತಾವರೆಯೆಲೆ ಗಿಳಿಯ ಹೊಟ್ಟೆಯಷ್ಟು ಮೃದುವಾದುದು ಎನ್ನುತ್ತಾಳೆ ಗೆಳತಿ ಪ್ರಿಯಂವದೆ. ಅಷ್ಟು ಎಳೆಯ ಎಲೆಗೆ ನಾನು ಬಳಿದಿದ್ದ ಕಡುಹಸಿರು ತಪ್ಪೆಂದು ಆ ಒಂದು ಮಾತೇ ತೋರಿಸಿತು. ಹೊರಟವಳ ಸೆರಗು ಜಗ್ಗುವ ಜಿಂಕೆಮರಿಯೂ ಕೇವಲ ಅಲಂಕಾರವಲ್ಲ: ದರ್ಭೆಯ ಮೊನೆ ಚುಚ್ಚಿ ಗಾಯಗೊಂಡಿದ್ದ ಅದರ ಬಾಯಿಗೆ ಇಂಗುದಿ ಮರದ ಕಾಯಿಯ ಎಣ್ಣೆ ಸವರಿ, ಶ್ಯಾಮಾಕ ಧಾನ್ಯವನ್ನು ಹಿಡಿಹಿಡಿಯಾಗಿ ತಿನ್ನಿಸಿ ಆಕೆ ಸಾಕಿದ ಮಗುವದು. ಅದನ್ನು ಎರಡಡಿ ದೂರದಲ್ಲಿ ನಿಲ್ಲಿಸಿದರೆ ದೃಶ್ಯವೇ ಕೆಟ್ಟಂತೆ.

ಸಂಸ್ಕೃತ ಬಾರದೆಂಬ ಅಳುಕೂ ಬೇಡ. 'ಅಭಿನವ ಕಾಳಿದಾಸ'ರೆನಿಸಿದ ಬಸವಪ್ಪಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಶಿಬಿರ ನಡೆಸುವವರು ಮೊದಲ ದಿನದ ಒಂದು ಗಂಟೆಯನ್ನು, ಮಾಡಲಿರುವ ಅಂಕವನ್ನು ಗಟ್ಟಿಯಾಗಿ ಓದಿಸುವುದಕ್ಕೆ ಮೀಸಲಿಡಬೇಕೆಂದೂ, ಗೊಂಬೆಯ ಪಕ್ಕದಲ್ಲಿ ಅಂಕದ ಸಂಖ್ಯೆಯನ್ನು ಬರೆದಿಡಲು ಹೇಳಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಅಂದಹಾಗೆ, ನಾಲ್ಕನೆಯ ಅಂಕದ ಶಕುಂತಲೆಯ ಬೆರಳಿನಲ್ಲಿ ದುಷ್ಯಂತ ಕೊಟ್ಟ ಉಂಗುರವಿರಬೇಕು. ಹಿತ್ತಾಳೆ ತಂತಿಯ ಒಂದೇ ಎಳೆ ಸಾಕು. ಐದನೆಯ ಅಂಕದ ಹೊತ್ತಿಗೆ ಅದು ಕಳೆದುಹೋಗಿರುವುದರಿಂದ, ಆ ಅಂಕ ಮಾಡುವವರು ಅದನ್ನು ತೆಗೆಯಲು ಮರೆಯಬಾರದು.

ಇಂತಿ,
ಗೊಂಬೆ ಹವ್ಯಾಸಿ
ಬಸವನಗುಡಿ, ಬೆಂಗಳೂರು