ಅಲರ್ಜಿ ಟೆಸ್ಟ್ ಇನ್ನು ಬಂದ ದಿನವೇ ಇಲ್ಲ

ಆತ್ಮೀಯರೇ,

ಜೂನ್ 1ರಿಂದ ನಮ್ಮ ಕುಮಟಾ ಕ್ಲಿನಿಕ್‌ನಲ್ಲಿ, ಕೈ ಮೇಲೆ ಚುಚ್ಚಿ ನೋಡುವ ಅಲರ್ಜಿ ಟೆಸ್ಟನ್ನು ಬಂದ ದಿನವೇ ಮಾಡುವುದಿಲ್ಲ. ಮೊದಲೇ ಫೋನ್ ಮಾಡಿ, ಕನಿಷ್ಠ 8 ದಿನ ಮುಂದಿನ ತಾರೀಖು ತೆಗೆದುಕೊಳ್ಳಬೇಕು.

ಕಾರಣ ಹೇಳಬೇಕಲ್ಲ. ಹೋದ ತಿಂಗಳು ಒಬ್ಬರು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಂದಿದ್ದರು. ಅಲರ್ಜಿ ತರುವ ವಸ್ತುಗಳ ಹನಿ ಹಾಕಿ 15 ಕಡೆ ಚುಚ್ಚಿದೆವು. ಅಲರ್ಜಿ ಇದ್ದರೆ ಆ ಜಾಗ ಉಬ್ಬಿ ಏಳಬೇಕು. ಒಂದೂ ಏಳಲಿಲ್ಲ. ಹಿಸ್ಟಮೀನ್ ಹನಿ ಹಾಕಿದ ಜಾಗವೂ ಏಳಲಿಲ್ಲ. ಅದು ಅಲರ್ಜಿ ಇಲ್ಲದವರಿಗೂ ಉಬ್ಬಬೇಕಾದ ಹನಿ. ಅದೇ ಸುಮ್ಮನಿದ್ದರೆ ಟೆಸ್ಟನ್ನು ನಂಬುವ ಹಾಗಿಲ್ಲ. ಕೇಳಿದರೆ, "ಮಾತ್ರೆ ಏನೂ ಇಲ್ಲ, ನಿನ್ನೆ ನೆಗಡಿಗೆ ಅಂಗಡಿಯಿಂದ ಒಂದು ತಂದು ನುಂಗಿದ್ದೆ ಅಷ್ಟೇ" ಅಂದರು. ಆ ಒಂದರಲ್ಲೇ ಸೆಟ್ರಿಜಿನ್ ಇತ್ತು, ಅಂದರೆ ಚರ್ಮ ಉಬ್ಬದಂತೆ ತಡೆಯುವ ಅಲರ್ಜಿ ಔಷಧ! ತಪ್ಪು ಅವರದಲ್ಲ, ಚುಚ್ಚುವ ಮೊದಲು ನಾವು ಸರಿಯಾಗಿ ಕೇಳಬೇಕಿತ್ತು. ದುಡ್ಡು ವಾಪಸ್ ಕೊಟ್ಟೆವು. ಘಟ್ಟ ಇಳಿದು ಹತ್ತಿದ ಆ ದಿನವನ್ನು ಕೊಡಲು ಆಗಲಿಲ್ಲ.

ಹಾಗಾಗಿ ಸೆಟ್ರಿಜಿನ್, ಲಿವೊಸೆಟ್ರಿಜಿನ್, ಫೆಕ್ಸೊಫೆನಡಿನ್ ಇದ್ದ ಮಾತ್ರೆಗಳನ್ನು 7 ದಿನ ಮೊದಲೇ ಬಿಡಬೇಕು. ನೆಗಡಿ ಸಿರಪ್‌ನಲ್ಲೂ ಇಂಥದ್ದೇ ಔಷಧ ಅಡಗಿರುತ್ತದೆ. ತಲೆನೋವಿಗೆ, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಉಬ್ಬನ್ನು ತಗ್ಗಿಸುತ್ತದೆ, ಆದರೆ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ. ಉಬ್ಬಸದ ಇನ್‌ಹೇಲರ್ ಅಂತೂ ಬಿಡಲೇಬೇಡಿ, ಅದು ಟೆಸ್ಟಿಗೆ ಅಡ್ಡ ಬರುವುದಿಲ್ಲ. ಮೈಯೆಲ್ಲ ಪಿತ್ತಗಂಧೆ ಎದ್ದು ಮಾತ್ರೆ ಬಿಡಲಾಗದವರಿಗೆ ರಕ್ತದ ಟೆಸ್ಟ್ ಇದೆ. ಅದಕ್ಕೆ ಮಾತ್ರೆ ಅಡ್ಡಿಯಿಲ್ಲ.

ನಮ್ಮ ಕಡೆಯದೂ ಸ್ವಲ್ಪ ಇದೆ. ಟೆಸ್ಟಿನ ಹನಿಗಳನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಇಲ್ಲದಿದ್ದರೆ ಅವುಗಳ ಶಕ್ತಿ ಕುಂದುತ್ತದೆ. ಮಳೆಗಾಲದಲ್ಲಿ ನಮ್ಮೂರ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ, ಅಲ್ವಾ? ಫ್ರಿಜ್ಜಿಗೆ ಅಂತಲೇ ಬೇರೆ ಇನ್ವರ್ಟರ್ ಹಾಕಿದ್ದೇವೆ.

ಇನ್ನೊಂದು ಮಾತು. 15–20 ನಿಮಿಷದಲ್ಲಿ 3 ಮಿಲಿಮೀಟರ್ ಉಬ್ಬಿತು ಅಂದ ಮಾತ್ರಕ್ಕೆ ಅಲರ್ಜಿ ಇದೆ ಅಂತ ಅಲ್ಲ. ಗೀರಿದರೂ ಸಾಕು, ಕೆಲವರ ಚರ್ಮ ಸುಮ್ನೆ ಉಬ್ಬುತ್ತದೆ. ಅದಕ್ಕೇ ಬರೀ ಉಪ್ಪುನೀರಿನ ಹನಿಯನ್ನೂ ಹಾಕಿ ಹೋಲಿಸುತ್ತೇವೆ. ಕರಾವಳಿಯ ತೇವಕ್ಕೆ ಹಾಸಿಗೆಯಲ್ಲಿ ಧೂಳಿನ ನುಸಿ ಜಾಸ್ತಿ. ಆ ನುಸಿಯ ಅಲರ್ಜಿ ಇದ್ದವರಿಗೆ ಸಿಗಡಿಯ ಹನಿಯೂ ಉಬ್ಬಬಹುದು, ಎರಡರಲ್ಲೂ ಇರುವ ಒಂದು ಪ್ರೋಟೀನ್ ಹೆಚ್ಚುಕಡಿಮೆ ಒಂದೇ ಥರದ್ದು. ಸಿಗಡಿ ತಿಂದಾಗ ಏನಾಗಿತ್ತು ಅನ್ನುವುದನ್ನು ನೀವೇ ನಮಗೆ ಹೇಳಬೇಕು.

ಬರುವಾಗ ಮನೆಯಲ್ಲಿರುವ ಮಾತ್ರೆ ಶೀಟು, ಸಿರಪ್ ಬಾಟಲಿ, ಹಚ್ಚುವ ಕ್ರೀಮು ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ತಾರೀಖಿಗೆ ಎಂದಿನ ನಂಬರಿಗೇ ಫೋನ್ ಮಾಡಿ. ದರ ಬದಲಾಗಿಲ್ಲ.

ನಿಮ್ಮ,
ಕ್ಲಿನಿಕ್ ಬಳಗ, ಕುಮಟಾ